ಟೆಸ್ಟ್ ಫೇಲಾದರೂ ವರದಿ ಬರಲಿ

ಕೇಳುಗರಿಗೆ ನಮಸ್ಕಾರ.

ಈಗ ರೇಡಿಯೋ ಕೇಳುತ್ತಿರುವವರಲ್ಲಿ ಒಂದಷ್ಟು ಜನ ಕಂಪನಿ ಬಸ್ಸಿನಲ್ಲಿ ಕೂತು ಸಿಲ್ಕ್ ಬೋರ್ಡ್ ದಾಟಲು ಕಾಯುತ್ತಿದ್ದೀರಿ. ಇನ್ನೊಂದಷ್ಟು ಜನ ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಹಾಸ್ಟೆಲ್ ರೂಮಿನಲ್ಲಿದ್ದೀರಿ, ಇನ್ನೆರಡು ವರ್ಷಕ್ಕೆ ಇದೇ ಬಸ್ ಹತ್ತುವವರು. ನಿಮ್ಮೆಲ್ಲರಿಗೂ ಹೇಳಲು ನಾನು ತಂದಿರುವುದು ಒಂದೇ ಮಾತು. ಸಾಫ್ಟ್‌ವೇರಿನ ಟೆಸ್ಟ್ ಫೇಲಾದರೂ ಕವರೇಜ್ ವರದಿ ಬರಬೇಕು. ಫೇಲಾದ ದಿನವಂತೂ ಬರಲೇಬೇಕು.

ಈ ಕೆಲಸದ ಪರಿಚಯ ಇಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ರೋಗ್ರಾಂ ಅಂದರೆ ಒಂದು ಊರು ಅಂದುಕೊಳ್ಳಿ. ಒಂದೊಂದು ಸಾಲೂ ಒಂದೊಂದು ಮನೆ. ಯೂನಿಟ್ ಟೆಸ್ಟ್ ಅಂದರೆ ಜನಗಣತಿಗೆ ಬಂದವರ ಹಾಗೆ. ಮನೆಗೆ ಹೋಗುತ್ತಾರೆ, ಪ್ರಶ್ನೆ ಕೇಳುತ್ತಾರೆ, ಉತ್ತರ ಸರಿ ಇದೆಯಾ ನೋಡುತ್ತಾರೆ, ಬಾಗಿಲ ಮೇಲೆ ಒಂದು ಗುರುತು ಹಾಕಿ ಮುಂದಕ್ಕೆ ಹೋಗುತ್ತಾರೆ. ಆ ಗುರುತುಗಳನ್ನೆಲ್ಲ ಸೇರಿಸಿ ಬರೆದ ನಕ್ಷೆಯೇ ಕವರೇಜ್ ವರದಿ. ಹೋಗಿ ಬಂದ ಮನೆ ಹಸಿರು. ಯಾರೂ ಕಾಲಿಡದ ಮನೆ ಕೆಂಪು. ಇದೇನೂ ನಿನ್ನೆ ಮೊನ್ನೆಯ ಯೋಚನೆಯಲ್ಲ. ಪ್ರೋಗ್ರಾಮಿನ ಯಾವ ದಾರಿ ಪರೀಕ್ಷೆಗೆ ಸಿಕ್ಕಿದೆ, ಯಾವುದು ಸಿಕ್ಕಿಲ್ಲ ಅಂತ ಕ್ರಮವಾಗಿ ಲೆಕ್ಕ ಇಡುವ ಬಗ್ಗೆ ಜೋನ್ ಮಿಲ್ಲರ್ ಮತ್ತು ಕ್ಲಿಫರ್ಡ್ ಮಲೋನಿ 1963ರಲ್ಲೇ ಬರೆದಿದ್ದಾರೆ.

ಈಗ ಯೋಚನೆ ಮಾಡಿ. ಸಾವಿರ ಮನೆಯಲ್ಲಿ ಮೂರು ಮನೆಯವರು ವಯಸ್ಸು ತಪ್ಪು ಹೇಳಿದರು. ಅಷ್ಟಕ್ಕೇ ಇಡೀ ಊರಿನ ನಕ್ಷೆ ಬರೆಯುವುದನ್ನೇ ನಿಲ್ಲಿಸುತ್ತೀವಾ? ಇಲ್ಲ ಅಲ್ವಾ? ಆದರೆ ನಮ್ಮ ಸಾಫ್ಟ್‌ವೇರ್ ತಂಡಗಳಲ್ಲಿ ದಿನಾ ನಡೆಯುವುದು ಇದೇ. ಒಂದೆರಡು ಟೆಸ್ಟ್ ಫೇಲಾದರೆ ವರದಿಯೇ ಬರುವುದಿಲ್ಲ.

ನನ್ನ ಕಣ್ಣ ಮುಂದೆಯೇ ನಡೆದದ್ದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಒಂದು ತಂಡದಲ್ಲಿದ್ದೆ. ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಸಾವಿರಕ್ಕೂ ಜಾಸ್ತಿ ಟೆಸ್ಟ್‌ಗಳಿದ್ದವು. ಎಲ್ಲ ಓಡಿ ಮುಗಿಯಲು ತುಂಬಾ ಹೊತ್ತು ಬೇಕು. ಅದಕ್ಕೇ ರಾತ್ರಿ 2 ಗಂಟೆಗೆ ಸರ್ವರ್ ತಾನಾಗಿಯೇ ಓಡಿಸುತ್ತಿತ್ತು. ಬೆಳಿಗ್ಗೆ ಬಂದು ನೋಡಿದರೆ 3 ಟೆಸ್ಟ್ ಫೇಲು, ವರದಿ ಇಲ್ಲ. ಆ ಮೂರನ್ನು ಮಾತ್ರ ನಮ್ಮ ಲ್ಯಾಪ್‌ಟಾಪಿನಲ್ಲಿ ಓಡಿಸಿದರೆ ಮೂರೂ ಪಾಸು. ಸರ್ವರ್‌ನದ್ದೇ ಏನೋ ತೊಂದರೆ ಇರಬೇಕು ಅಂತ ಬಿಟ್ಟುಬಿಟ್ಟೆವು. ಹೀಗೆ 6 ವಾರ ಕಳೆಯಿತು. 6 ವಾರ ನಮ್ಮ ಊರಿನ ನಕ್ಷೆಯನ್ನೇ ನಾವು ನೋಡಲಿಲ್ಲ.

ಕೊನೆಗೆ ಸಾಫ್ಟ್‌ವೇರ್ ಕೊಡುವ ದಿನ ಹತ್ತಿರ ಬಂತು. ಕವರೇಜ್ ಎಷ್ಟಿದೆ ತೋರಿಸಿ ಅಂತ ಗ್ರಾಹಕರು ಕೇಳಿದರು. ಆಗ ಒಬ್ಬ ಹಿರಿಯರು ಹೇಳಿದರು, ಆ ಮೂರು ಟೆಸ್ಟನ್ನು ಸುಮ್ನೆ ಮುಚ್ಚಿಬಿಡಿ, ವರದಿ ತಾನಾಗಿ ಬರುತ್ತದೆ ಅಂತ. ಟೆಸ್ಟಿನ ತಲೆ ಮೇಲೆ 'ಡಿಸೇಬಲ್ಡ್' ಅಂತ ಒಂದು ಪದ ಬರೆದರೆ ಸಾಕು, ಟೆಸ್ಟ್ ಓಡಿಸುವ ಸಾಧನ ಜೆಯುನಿಟ್ ಅದನ್ನು ಓಡಿಸುವುದಿಲ್ಲ. ನಾನೂ ಹೂಂ ಅಂದೆ. ಅದನ್ನು ನೆನೆದರೆ ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ತಂಡಕ್ಕೆ ಆಗಷ್ಟೇ ಸೇರಿದ್ದ ಹುಡುಗಿ ಒಬ್ಬಳಿದ್ದಳು. ದಾವಣಗೆರೆಯವಳು, ಮೊದಲ ಕೆಲಸ. ಸರ್ವರ್‌ನ ಫೋಲ್ಡರ್ ತೆರೆದಿಟ್ಟುಕೊಂಡು ನನ್ನನ್ನು ಕರೆದಳು. "ಮೇಡಂ, ಇಲ್ಲಿ ಟಾರ್ಗೆಟ್ ಫೋಲ್ಡರ್‌ನಲ್ಲಿ ಜಾಕೋಕೋ ಡಾಟ್ ಎಕ್ಸೆಕ್ ಅಂತ ಒಂದು ಫೈಲ್ ಇದೆ ನೋಡಿ. ನಿನ್ನೆ ರಾತ್ರೀದೇ. ಗುರುತೆಲ್ಲ ಇದರಲ್ಲೇ ಇರುತ್ತಲ್ವಾ?" ಅಂದಳು. ನಾನು ಬಗ್ಗಿ ನೋಡಿದೆ. ಹೌದು, ಇತ್ತು. ಜಾಕೋಕೋ ಅಂದರೆ ಜಾವಾದಲ್ಲಿ ಕವರೇಜ್ ಲೆಕ್ಕ ಇಡುವ ಸಾಧನ. ಟೆಸ್ಟ್ ಓಡುವಾಗ ಅದು ಪಕ್ಕದಲ್ಲೇ ಕೂತು ಗುರುತು ಹಾಕುತ್ತಿರುತ್ತದೆ. ಜಾವಾ ಓಡಿ ಮುಗಿಯುವಾಗ ಎಲ್ಲವನ್ನೂ ಆ ಫೈಲಿಗೆ ಬರೆದಿಡುತ್ತದೆ. ಟೆಸ್ಟ್ ಪಾಸಾಯಿತೋ ಫೇಲಾಯಿತೋ, ಅದಕ್ಕೆ ಲೆಕ್ಕವಿಲ್ಲ. ಅವಳು ಒಂದೇ ಸಾಲು ಟೈಪ್ ಮಾಡಿದಳು. ಎಂ ವಿ ಎನ್, ಜಾಗ ಬಿಟ್ಟು ಜಾಕೋಕೋ, ಕೋಲನ್, ರಿಪೋರ್ಟ್. ಎಂ ವಿ ಎನ್ ಅಂದರೆ ಮೇವನ್, ಕೋಡನ್ನು ಜೋಡಿಸಿ ಟೆಸ್ಟ್ ಓಡಿಸುವ ಸಾಧನ. ಕೆಲವೇ ಸೆಕೆಂಡುಗಳಲ್ಲಿ ವರದಿ ಬಂತು. ಆ 6 ವಾರವೂ ಪ್ರತಿ ರಾತ್ರಿ ಗುರುತು ಹಾಕಿ ಆಗಿತ್ತು. ನಕ್ಷೆ ಬರೆಯಿರಿ ಅಂತ ಯಾರೂ ಹೇಳಿರಲಿಲ್ಲ, ಅಷ್ಟೇ.

ವರದಿ ತೆರೆದು ನೋಡಿದೆವು. ಗ್ರಾಹಕರಿಗೆ ಹಣ ವಾಪಸ್ ಕೊಡುವ ಕೋಡ್ ಇತ್ತಲ್ಲ, ರೀಫಂಡ್, ಆ ಫೈಲ್ ಮೇಲಿಂದ ಕೆಳಗಿನವರೆಗೆ ಕೆಂಪು. ಒಂದು ಹಸಿರು ಸಾಲೂ ಇಲ್ಲ. ದುಡ್ಡು ಓಡಾಡುವ ಜಾಗವೇ ಅದು! ಟೆಸ್ಟ್ ಬರೆಯಲು ಕೂತ ಮೊದಲ ದಿನವೇ 2 ದೋಷ ಸಿಕ್ಕವು.

ಇನ್ನು ಆ ಮೂರು ಟೆಸ್ಟ್. ಅವು ಸುಳ್ಳು ಹೇಳುತ್ತಿರಲಿಲ್ಲ. ಸರ್ವರ್‌ನ ಗಡಿಯಾರ ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿತ್ತು, ನಮಗಿಂತ ಐದೂವರೆ ಗಂಟೆ ಹಿಂದೆ. ನಮ್ಮಲ್ಲಿ ರಾತ್ರಿ 2 ಗಂಟೆ ಅಂದರೆ ಅಲ್ಲಿ ಇನ್ನೂ ಹಿಂದಿನ ದಿನದ ರಾತ್ರಿ ಎಂಟೂವರೆ. ಕೋಡು ಸರ್ವರ್‌ನ ತಾರೀಕನ್ನೇ ತೆಗೆದುಕೊಂಡು ಬಿಲ್ಲಿಗೆ ಹಾಕುತ್ತಿತ್ತು. ಮಧ್ಯರಾತ್ರಿಯಿಂದ ಬೆಳಿಗ್ಗೆ 5.30ರವರೆಗೆ ಮಾಡಿದ ಪ್ರತಿ ಬಿಲ್ಲಿಗೂ ಹಿಂದಿನ ದಿನದ ತಾರೀಕು ಬೀಳುತ್ತಿತ್ತು. ಒಂದನೇ ತಾರೀಕಿನ ಬಿಲ್ ಹಿಂದಿನ ತಿಂಗಳಿಗೆ ಹೋಗುತ್ತಿತ್ತು. ವರದಿಗೋಸ್ಕರ ನಾವು ಬಾಯಿ ಮುಚ್ಚಿಸಲು ಹೊರಟಿದ್ದು ನಿಜ ಹೇಳುತ್ತಿದ್ದ ಟೆಸ್ಟ್‌ಗಳನ್ನು. ಅದಕ್ಕೇ ಮತ್ತೆ ಮತ್ತೆ ಹೇಳುತ್ತಿದ್ದೇನೆ, ಟೆಸ್ಟ್ ಫೇಲಾದರೂ ವರದಿ ಬರಲಿ. ಬರದಿದ್ದರೆ ಜನ ಟೆಸ್ಟನ್ನೇ ಮುಚ್ಚುತ್ತಾರೆ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಮೇವನ್ ಹಂತ ಹಂತವಾಗಿ ಹೋಗುತ್ತದೆ. ಟೆಸ್ಟ್ ಹಂತ ಮೊದಲು, ವೆರಿಫೈ ಆಮೇಲೆ. ವರದಿಯನ್ನು ವೆರಿಫೈಗೆ ಕಟ್ಟಿದ್ದೀರಿ, ಟೆಸ್ಟ್‌ನಲ್ಲೇ ಗಾಡಿ ನಿಂತರೆ ಅದು ಅಲ್ಲಿಗೆ ಹೇಗೆ ತಲುಪುತ್ತದೆ? ಆದ್ದರಿಂದ ಆ ಹುಡುಗಿ ಮಾಡಿದ ಹಾಗೆ ವರದಿಯನ್ನು ಬೇರೆ ಹೆಜ್ಜೆಯಾಗಿ ಓಡಿಸಿ. ಟೆಸ್ಟ್ ಫೇಲಾದರೂ ಮುಂದೆ ಹೋಗು ಅನ್ನುವ ಸ್ವಿಚ್ಚೂ ಮೇವನ್‌ನಲ್ಲಿದೆ, ಮೇವನ್ ಡಾಟ್ ಟೆಸ್ಟ್ ಡಾಟ್ ಫೇಲ್ಯೂರ್ ಡಾಟ್ ಇಗ್ನೋರ್. ಆದರೆ ಅದನ್ನು ಹಾಕಿದರೆ ಬಿಲ್ಡ್, ಅಂದರೆ ಮೇವನ್‌ನ ಇಡೀ ಓಟ, ಪಾಸು ಅಂತ ತೋರಿಸುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಬೇಕಾದರೆ ಬಳಸಿ.

ಮೇವನ್ ಬದಲು ಗ್ರೇಡಲ್ ಬಳಸುವವರು ಟೆಸ್ಟಿಗೆ 'ಫೈನಲೈಸ್ಡ್ ಬೈ' ಅಂತ ವರದಿಯನ್ನು ಜೋಡಿಸಿ. ವರದಿಗೆ 'ಡಿಪೆಂಡ್ಸ್ ಆನ್ ಟೆಸ್ಟ್' ಅಂತ ಬರೆದು ಕಟ್ಟಿದರೆ ಟೆಸ್ಟ್ ಬಿದ್ದಾಗ ವರದಿಯೂ ಬೀಳುತ್ತದೆ. ಪೈಥಾನ್‌ನವರಿಗೆ ಚಿಂತೆ ಕಡಿಮೆ, ಅವರ ಕವರೇಜ್ ಸಾಧನ ಪೈಟೆಸ್ಟ್ ಕವ್, ಟೆಸ್ಟ್ ಫೇಲಾದರೂ ವರದಿ ಕೊಡುತ್ತದೆ. ಜಾವಾಸ್ಕ್ರಿಪ್ಟ್‌ನವರ ವಿಟೆಸ್ಟ್ ಕೊಡುವುದಿಲ್ಲ. ಅದರಲ್ಲಿ 'ರಿಪೋರ್ಟ್ ಆನ್ ಫೇಲ್ಯೂರ್' ಅನ್ನುವುದನ್ನು ನೀವೇ ಆನ್ ಮಾಡಬೇಕು. ಟೆಸ್ಟ್ ತಾನಾಗಿ ಓಡಿಸುವ ಸರ್ವರ್‌ನಲ್ಲಿ ಗಿಟ್‌ಹಬ್ ಆಕ್ಷನ್ಸ್ ಇರಲಿ, ಜೆಂಕಿನ್ಸ್ ಇರಲಿ, ಗಿಟ್‌ಲ್ಯಾಬ್ ಇರಲಿ, 'ಆಲ್ವೇಸ್' ಅನ್ನುವ ಪದ ಹುಡುಕಿ. ವರದಿಯ ಹೆಜ್ಜೆಗೆ ಅದನ್ನು ಹಾಕಿ.

ಫೇಲಾದಾಗಲೂ ವರದಿ ಕೊಟ್ಟರೆ ಟೆಸ್ಟ್ ಸರಿ ಮಾಡುವುದನ್ನೇ ಮರೆಯುತ್ತಾರೆ ಅಂತ ಕೆಲವರು ನನ್ನ ಜೊತೆ ವಾದಕ್ಕೆ ಬರುತ್ತಾರೆ. ಯಾಕೆ ಮರೆಯುತ್ತಾರೆ ಸ್ವಾಮಿ? ಬಿಲ್ಡ್ ಫೇಲ್ ಅಂತ ಕೆಂಪಾಗಿಯೇ ಇರಲಿ, ಸಾಫ್ಟ್‌ವೇರ್ ಹೊರಗೆ ಹೋಗುವುದು ಬೇಡ. ವರದಿ ಮಾತ್ರ ಬರಲಿ ಅಂತ ನಾನು ಕೇಳುತ್ತಿರುವುದು.

ಮೇವನ್ ಬಳಸುವವರು ಇನ್ನೊಮ್ಮೆ ಬರೆದುಕೊಳ್ಳಿ. ಎಂ ವಿ ಎನ್, ಜಾಗ, ಜಾಕೋಕೋ, ಕೋಲನ್, ರಿಪೋರ್ಟ್. ವರದಿ ಇರುವ ಜಾಗ, ಟಾರ್ಗೆಟ್ ಫೋಲ್ಡರ್, ಅದರೊಳಗೆ ಸೈಟ್, ಅದರೊಳಗೆ ಜಾಕೋಕೋ. ಇಂಡೆಕ್ಸ್ ಅನ್ನುವ ಫೈಲ್ ತೆರೆಯಿರಿ. ಮೊದಲು ಕೆಂಪು ಸಾಲುಗಳನ್ನು ನೋಡಿ.

ನಮಸ್ಕಾರ.