ಅಕ್ಕನ ಥೀಸಿಸ್‌ಗೆ ಪೈಥಾನ್‌ನಿಂದ ಸೈಟೇಶನ್ | ಹಾಸನ ವ್ಲಾಗ್

ವರ್ಡ್ ಫೈಲನ್ನು ಕೋಡ್‌ನಿಂದ ತಿದ್ದುವ ಪೈಥಾನ್-ಡಾಕ್ಸ್ ಇನ್‌ಸ್ಟಾಲ್ ಆಗುತ್ತಿರುವುದು ಕಾಣ್ತಿದೆ ಅಲ್ವಾ, ಅದನ್ನು ಬಿಡೋಣ. ಪಕ್ಕದಲ್ಲಿರುವುದು ನಮ್ಮಕ್ಕ. ಬೇಲೂರು ಸುತ್ತಲಿನ ಶಾಸನಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಪುಟಪುಟಕ್ಕೂ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ 5ನೇ ಸಂಪುಟ, ಅಂದರೆ ನಮ್ಮ ಹಾಸನ ಜಿಲ್ಲೆಯದು, ಬಿ.ಎಲ್. ರೈಸ್ 1902ರಲ್ಲಿ ತಂದದ್ದು. ಬರೆಯುತ್ತಾ [@ರೈಸ್1902] ಅಂತ ಗುರುತು ಹಾಕಿದ್ದಾಳೆ. ಆ ಜಾಗದಲ್ಲೆಲ್ಲ ಝೊಟೆರೊ, ಅಂದರೆ ಆಕರ ಪುಸ್ತಕಗಳ ಲೆಕ್ಕ ಇಡುವ ಸಾಫ್ಟ್‌ವೇರ್, ಅದರ ಸೈಟೇಶನ್ ಕೂರಿಸಬೇಕು.

ತಲೆ ಕೆಡುವುದು ಇಲ್ಲೇ. ಗುರುತು ಕಣ್ಣೆದುರಿಗೇ ಇದೆ, ಕೋಡ್‌ಗೆ ಮಾತ್ರ ಸಿಗುತ್ತಿಲ್ಲ! ರನ್‌ಗಳನ್ನು, ಅಂದರೆ ವರ್ಡ್ ಒಳಗೊಳಗೇ ಬರಹವನ್ನು ಒಡೆದಿಡುವ ತುಂಡುಗಳನ್ನು, ಪ್ರಿಂಟ್ ಮಾಡಿಸಿದೆ, ನೋಡಿ: '[@', 'ರೈಸ್', '1902', ']'. ಒಂದು ಗುರುತು, ನಾಲ್ಕು ತುಂಡು. ಫಾಂಟ್ ಬದಲಾದರೆ ವರ್ಡ್ ತುಂಡು ಮಾಡುತ್ತದೆ, ಮಧ್ಯೆ ಒಂದಕ್ಷರ ತಿದ್ದಿದರೂ ಮಾಡುತ್ತದೆ. ಕನ್ನಡ, ಇಂಗ್ಲಿಷ್ ಬೆರೆಸಿ ಬರೆಯುವ ನಮಗೆ ಈ ಕಾಟ ಜಾಸ್ತಿ. ಒಂದೊಂದೇ ರನ್‌ನಲ್ಲಿ ಹುಡುಕಿದರೆ ಜನ್ಮದಲ್ಲಿ ಸಿಗದು. ಪ್ಯಾರಾದ ರನ್‌ಗಳನ್ನೆಲ್ಲ ಜೋಡಿಸಿ ಹುಡುಕಬೇಕು, ಆಮೇಲೆ ಗುರುತು ಹರಡಿರುವ ರನ್‌ಗಳನ್ನಷ್ಟೇ ಮುಟ್ಟಬೇಕು. ಇಡೀ ಪ್ಯಾರಾ ಹೊಸದಾಗಿ ಬರೆಸಿದರೆ ಅಕ್ಕ ಹಾಕಿದ ಇಟಾಲಿಕ್ ಎಲ್ಲ ಹೋಗುತ್ತದೆ.

ಈ ವರ್ಡ್ ಸಹವಾಸವೇ ಬೇಡ, ಕೋಡ್‌ನಂತೆ ಬರೆಯುವ ಲೇಟೆಕ್ಸ್ ಸಾಕು. ಇಲ್ಲ, ಬೇಡ. ಗೈಡ್ ತಿದ್ದುವುದು ವರ್ಡ್ ಕಾಮೆಂಟಿನಲ್ಲೇ. ವರ್ಡೇ ಇರಲಿ.

ಹಲ್ಮಿಡಿಗೂ ಇದೇ ಗುರುತು ಹಾಕಿದೀಯಾ ಅಕ್ಕ? ಹಲ್ಮಿಡಿ ಇರುವುದು ಬೇಲೂರು ತಾಲ್ಲೂಕಿನಲ್ಲೇ, ಆದರೆ ಆ ಶಾಸನವನ್ನು ಪುರಾತತ್ವಜ್ಞ ಎಂ.ಎಚ್. ಕೃಷ್ಣ ಬೆಳಕಿಗೆ ತಂದದ್ದು 1936ರಲ್ಲಿ. 1902ರ ಪುಸ್ತಕದಲ್ಲಿ ಅದು ಹೇಗೆ ಬಂದೀತು? ಇಂಥದ್ದನ್ನು ಯಾವ ಕೋಡೂ ಹಿಡಿಯುವುದಿಲ್ಲ, ಕೂತು ಓದಲೇಬೇಕು. ಅಯ್ಯೋ, ಕೋಡ್ ಓಡಿ ಮುಗಿದೇ ಹೋಯ್ತು, ಬನ್ನಿ.

ಸುಮ್ನೆ '(ರೈಸ್ 1902)' ಅಂತ ಅಕ್ಷರ ಹಾಕಿದರೆ ಝೊಟೆರೊಗೆ ಅದು ಸೈಟೇಶನ್ ಅಲ್ಲ. ಫೀಲ್ಡೇ ಬೇಕು, ಅಂದರೆ ಝೊಟೆರೊ ಆಮೇಲೆ ತಾನೇ ಬದಲಿಸಬಲ್ಲ ಜಾಗ. ಪೈಥಾನ್-ಡಾಕ್ಸ್‌ನಲ್ಲಿ ಅದಕ್ಕೆ ರೆಡಿ ಫಂಕ್ಷನ್ ಇಲ್ಲ, ವರ್ಡ್ ಫೈಲಿನ ಒಳಗಿರುವ ಎಕ್ಸ್‌ಎಂಎಲ್ ನಾವೇ ಕಟ್ಟಬೇಕು. ಫೀಲ್ಡ್ ಶುರುವಿನ ಗುರುತು, ಝೊಟೆರೊ ಸೂಚನೆಯ ಜೊತೆ ಪುಸ್ತಕದ ವಿವರ ಹೊತ್ತ ಜೇಸನ್, ನಡುವಿನ ಗುರುತು, ಕಾಣುವ ಅಕ್ಷರ, ಕೊನೆಯ ಗುರುತು. ಜೇಸನ್‌ನಲ್ಲಿ ಪುಸ್ತಕದ ಯುಆರ್‌ಐ, ಅಂದರೆ ಅದರ ವಿಳಾಸ, ನಿಮ್ಮ ಝೊಟೆರೊ ಲೈಬ್ರರಿಯದೇ ಆಗಿರಲಿ, ಇಲ್ಲದಿದ್ದರೆ ಕೊಂಡಿ ಕೂಡುವುದಿಲ್ಲ.

ಈಗ ವರ್ಡ್‌ನಲ್ಲಿ ರಿಫ್ರೆಶ್ ಒತ್ತುತ್ತೇನೆ. ಬಂತು! ಸ್ಟೈಲ್ ಬದಲಿಸಿದೆ, ಎಲ್ಲ ಕಡೆ ಬದಲಾಯ್ತು. ನೀವು ಮಾಡುವಾಗ ಫೈಲಿನ ಕಾಪಿ ಮೇಲೆ ಓಡಿಸಿ, ಮೂಲಕ್ಕೆ ಕೈ ಹಾಕಬೇಡಿ. ಅಕ್ಕ, ಎರಡನೇ ಅಧ್ಯಾಯ ತೆಗಿ.