ಗದಗಿನ ಮಳೆ, ಧಾರವಾಡದ ಮಳೆ

ಕೇಳುಗರೆಲ್ಲರಿಗೂ ನಮಸ್ಕಾರ.

ನನ್ನ ತವರು ಗದಗ, ಕೊಟ್ಟ ಮನೆ ಧಾರವಾಡ. ನಡುವೆ ಇರುವುದು ಸುಮಾರು 80 ಕಿಲೋಮೀಟರ್. ಇಷ್ಟರಲ್ಲಿ ಹವೆ ಏನು ಬದಲಾದೀತು ಅಂದುಕೊಂಡಿದ್ದೆ. ಮದುವೆಯಾದ ವರ್ಷ ಆಷಾಢಕ್ಕೆ ತವರಿಗೆ ಹೋದೆ. ಅಲ್ಲಿ ಬರೇ ಗಾಳಿ. ಒಣಹಾಕಿದ ಸೀರೆ ತಾಸಿನೊಳಗೆ ಒಣಗುತ್ತಿತ್ತು. ಶ್ರಾವಣಕ್ಕೆ ಧಾರವಾಡಕ್ಕೆ ಬಂದರೆ ಜಿಟಿಜಿಟಿ ಮಳೆ, ಅದೇ ಸೀರೆ ಮೂರು ದಿನವಾದರೂ ಹಸಿ!

ಕಾರಣ ಪಡುವಣದ ಘಟ್ಟ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಗಾಳಿ ಘಟ್ಟ ಹತ್ತುವಾಗಲೇ ತನ್ನ ನೀರಿನ ಬಹುಪಾಲನ್ನು ಸುರಿಯುತ್ತದೆ. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಹತ್ತಿರ ಮಳೆ. ಮಲೆನಾಡಿನ ಸೆರಗಿನಲ್ಲಿರುವ ಧಾರವಾಡಕ್ಕೆ ಅದರಲ್ಲಿ ಉಳಿದದ್ದು ಸಿಗುತ್ತದೆ. ಗದಗ ಮುಟ್ಟುವಾಗ ಮೋಡ ಹಗುರಾಗಿರುತ್ತದೆ, ಗಾಳಿ ಮಾತ್ರ ಜೋರು. ಕಪ್ಪತಗುಡ್ಡದ ಮೇಲೆ ಸಾಲುಸಾಲು ಗಾಳಿಗಿರಣಿ ನಿಂತಿರುವುದು ಸುಮ್ನೆ ಅಲ್ಲ.

ಇಡೀ ವರ್ಷದ ಲೆಕ್ಕದಲ್ಲಿ ಧಾರವಾಡಕ್ಕೆ ಗದಗಿಗಿಂತ ನೂರು ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಒಂದು ಮಿಲಿಮೀಟರ್ ಅಂದರೆ ಒಂದು ಚದರ ಮೀಟರ್ ಅಂಗಳಕ್ಕೆ ಒಂದು ಲೀಟರ್ ನೀರು. ಅಂದರೆ ಅಷ್ಟು ಜಾಗಕ್ಕೆ ಆರೇಳು ಕೊಡ ಹೆಚ್ಚು. ಆದರೆ ಮಳೆ ಎಷ್ಟು ಅನ್ನುವುದಕ್ಕಿಂತ ಯಾವಾಗ ಅನ್ನುವುದನ್ನು ನೋಡಬೇಕು. ಧಾರವಾಡದಲ್ಲಿ ಜುಲೈ ತಿಂಗಳೆಂದರೆ ಮಳೆಯ ತಿಂಗಳು. ಗದಗಿನ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಅದು ಗುಡುಗು, ಸಿಡಿಲಿನ ಮಳೆ. ಸಂಜೆ ಬಂದು ಒಂದು ತಾಸು ಹೊಡೆದು ಹೋಗುತ್ತದೆ.

ಬಿಸಿಲಿನ ಮಾತು ಬೇರೆ. ಏಪ್ರಿಲ್‌ನಲ್ಲಿ ಎರಡೂ ಊರು 37 ಡಿಗ್ರಿ ಆಸುಪಾಸು ಕಾಯುತ್ತವೆ. ಧಾರವಾಡ ಗದಗಿಗಿಂತ ನೂರು ಮೀಟರಿನಷ್ಟು ಎತ್ತರದಲ್ಲಿದೆ ನಿಜ, ಆದರೆ ಅದರಿಂದ ಒಂದು ಡಿಗ್ರಿಯೂ ತಂಪಾಗುವುದಿಲ್ಲ. ಇಲ್ಲಿ ಹಿತ ಅನ್ನಿಸುವುದು ಸಂಜೆ ಪಡುವಣದಿಂದ ಬೀಸುವ ಗಾಳಿಗೆ. ನಿಜವಾದ ಅಂತರ ಕಾಣುವುದು ಜುಲೈನಲ್ಲಿ. ದಿನವಿಡೀ ಮೋಡ ಮುಚ್ಚಿರುವ ಧಾರವಾಡದ ಮಧ್ಯಾಹ್ನಕ್ಕಿಂತ ಗದಗಿನ ಮಧ್ಯಾಹ್ನ ಎರಡು ಮೂರು ಡಿಗ್ರಿ ಬಿಸಿ.

ನಮ್ಮ ತವರಿನ ಹೊಲ ಎರೆಭೂಮಿ. ಹಿಂಗಾರಿನ ನೀರನ್ನು ಒಡಲಲ್ಲಿ ಹಿಡಿದಿಟ್ಟುಕೊಂಡು ಚಳಿಗಾಲವೆಲ್ಲ ಕಡಲೆ, ಬಿಳಿಜೋಳ ಬೆಳೆಸುತ್ತದೆ. ಹಾಗಾಗಿ ಜುಲೈನಲ್ಲಿ ಇಲ್ಲಿ ಎಷ್ಟೇ ಸುರಿದರೂ ನನ್ನ ಮನಸ್ಸಿಗೆ ಸಮಾಧಾನ ಇಲ್ಲ. ಹಸ್ತ, ಚಿತ್ತಿ ಮಳೆಯ ದಿನಗಳಲ್ಲಿ ಸಂಜೆಯಾದರೆ ಮೂಡಣದ ಕಡೆ ನೋಡುತ್ತೇನೆ. ಅತ್ತ ಮಿಂಚಿದರೆ ಅವ್ವನಿಗೆ ಫೋನ್ ಹಚ್ಚುತ್ತೇನೆ. ಹೋದ ವರ್ಷ ನಾನು ಕೇಳುವ ಮೊದಲೇ ಅವಳು ಅಂದಳು: “ಹೊಲ ತೊಯ್ದೈತಿ ನೋಡವಾ. ನಾಡಿದ್ದು ಕೂರಿಗಿ ಹೂಡ್ತೀವಿ.”