ಹೆಣ್ಣಿನ ವಯಸ್ಸು, ಗಂಡಿನ ಸಂಬಳ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಹಿರಿಯರಿಗೂ, ಹಿಂದೆ ನಿಂತಿರುವ ಕಾಲೇಜು ಮಕ್ಕಳಿಗೂ.

ಹೆಣ್ಣಿನ ವಯಸ್ಸು, ಗಂಡಿನ ಸಂಬಳ ಕೇಳಬಾರದು ಅಂತ ನಮ್ಮಲ್ಲೊಂದು ಮಾತಿದೆ. ಆದರೆ ಮದುವೆ ಮಾತುಕತೆಗೆ ಕೂತಾಗ ಮೊದಲು ಕೇಳುವುದೇ ಇವೆರಡನ್ನು, ಅಲ್ವಾ? ಹುಡುಗಿಗೆ ಎಷ್ಟಾಯ್ತು? ಹುಡುಗನಿಗೆ ಎಷ್ಟು ಬರುತ್ತೆ? ಹುಡುಗನಿಗೆ ಮೂವತ್ನಾಲ್ಕು ಅಂದರೆ ಯಾರೂ ಬೆಚ್ಚಿ ಬೀಳುವುದಿಲ್ಲ, ಸಂಬಳ ಚೆನ್ನಾಗಿದ್ದರೆ ಆಯಿತು. ಹುಡುಗಿಗೆ ಇಪ್ಪತ್ತೊಂಬತ್ತು ಅಂದರೆ ಸಾಕು, ‘ಯಾಕೆ ಇಷ್ಟು ದಿನ ಆಗಲಿಲ್ಲ?’ ಅಂತ ಅನುಮಾನ ಶುರುವಾಗುತ್ತದೆ.

ವಯಸ್ಸು ಎಲ್ಲರಿಗೂ ಆಗುತ್ತದೆ. ಆದರೆ ಗಂಡಸಿನ ವಯಸ್ಸನ್ನು ಅವನ ದುಡಿಮೆ ನೋಡಿ ಎಣಿಸುತ್ತೇವೆ. ಹೆಂಗಸಿನ ವಯಸ್ಸನ್ನು ಅವಳ ಮೈ ನೋಡಿ, ಅವಳ ಗಂಡ ಮಕ್ಕಳನ್ನು ನೋಡಿ ಎಣಿಸುತ್ತೇವೆ. ಹೀಗೆ ಎಣಿಸಿಕೊಂಡು ಬಂದದ್ದರ ಫಲ ಅರವತ್ತು ದಾಟಿದ ಮೇಲೆ ಚೆನ್ನಾಗಿ ಕಾಣಿಸುತ್ತದೆ. ಕೈಯಲ್ಲಿ ದುಡ್ಡಿದೆಯಾ, ಹೆಸರಿನಲ್ಲಿ ಜಾಗ ಇದೆಯಾ, ಮಾತಾಡಿಸುವವರು ಇದ್ದಾರಾ? ನನ್ನ ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಮೊದಲು ದೊಡ್ಡವರಾಗುವ ವಿಚಾರ. 1875ರ ಕಾಯ್ದೆ ಪ್ರಕಾರ ಹದಿನೆಂಟು ತುಂಬಿದರೆ ಗಂಡೂ ವಯಸ್ಕ, ಹೆಣ್ಣೂ ವಯಸ್ಕಳು. ಆದರೆ ಮದುವೆಗೆ ಬಂದರೆ ಲೆಕ್ಕ ಬೇರೆ. 1929ರ ಶಾರದಾ ಕಾಯ್ದೆ ಹುಡುಗಿಗೆ 14, ಹುಡುಗನಿಗೆ 18 ಅಂತ ಇಟ್ಟಿತು. 1978ರಲ್ಲಿ ಅದು 18 ಮತ್ತು 21 ಆಯಿತು. ಇವತ್ತಿಗೂ ಮದುವೆ ವಯಸ್ಸು ಅದೇ. ಹೆಂಡತಿ ಗಂಡನಿಗಿಂತ ಚಿಕ್ಕವಳಿರಬೇಕು ಅನ್ನುವ ನಂಬಿಕೆಯನ್ನು ಕಾನೂನೇ ಬರೆದಿಟ್ಟುಕೊಂಡ ಹಾಗಿದೆ. ನನಗಂತೂ ಇದಕ್ಕೆ ಒಪ್ಪುವಂಥ ಕಾರಣ ಸಿಕ್ಕಿಲ್ಲ.

ಮನೆಯೊಳಗೆ ಕಾಯ್ದೆಗಿಂತ ಮುಂಚೆಯೇ ಎಲ್ಲ ನಡೆದುಹೋಗುತ್ತದೆ. ಹುಡುಗಿ ‘ದೊಡ್ಡವಳಾದಳು’ ಅಂತ ಊರಿಗೆಲ್ಲ ಗೊತ್ತಾಗುತ್ತದೆ. ಹಳೇ ಮೈಸೂರು ಕಡೆ ಸೋದರಮಾವ ಬಂದು ಹಸಿ ಸೊಪ್ಪಿನ ಗುಡ್ಲು ಹಾಕುತ್ತಿದ್ದರು. ಈಗ ಗುಡ್ಲು ಕಡಿಮೆಯಾಗಿದೆ, ಆರತಿ ನಿಂತಿಲ್ಲ. ಕೊಬ್ಬರಿ ಬೆಲ್ಲ, ಚಿಗಳಿ, ಹೊಸ ಲಂಗ, ಹೂವಿನ ಜಡೆ. ಆ ಮಗುವಿಗೆ ಹನ್ನೆರಡೋ ಹದಿಮೂರೋ ವರ್ಷ. ಸಂಭ್ರಮ ಮುಗಿದ ಮರುದಿನದಿಂದ ಬೇರೆ ಮಾತು. ಸೈಕಲ್ ಸಾಕು. ಜೋರಾಗಿ ನಗಬೇಡ. ಕತ್ತಲಾಗುವುದರೊಳಗೆ ಮನೆಗೆ ಬಾ. ಅವಳ ವಯಸ್ಸಿನವನೇ ಆದ ಚಿಕ್ಕಪ್ಪನ ಮಗ ಬೀದಿಯಲ್ಲಿ ಚೆಂಡು ಕಾಣದಷ್ಟು ಕತ್ತಲಾಗುವವರೆಗೆ ಕ್ರಿಕೆಟ್ ಆಡುತ್ತಿರುತ್ತಾನೆ. ಅವನಿಗೂ ಮೀಸೆ ಚಿಗುರುತ್ತಿದೆ, ಗಂಟಲು ಒಡೆಯುತ್ತಿದೆ. ಅವನ ಜೊತೆ ಕೂತು ಇದರ ಬಗ್ಗೆ ಒಂದು ಮಾತು ಆಡುವವರು ಮನೆಯಲ್ಲಿ ಯಾರೂ ಇಲ್ಲ.

ಗಂಡು ಹುಡುಗನಿಗೆ ದೊಡ್ಡವನಾಗುವ ದಿನ ಅಂತ ಬಹಳಷ್ಟು ಮನೆಗಳಲ್ಲಿ ಇಲ್ಲ. ಕೆಲಸ ಸಿಕ್ಕ ದಿನವೇ ಅವನು ದೊಡ್ಡವನು. ಕೆಲಸ ಸಿಗಲಿಲ್ಲ ಅಂದರೆ? ಮೂವತ್ತೈದಾದರೂ ‘ನಮ್ಮ ಹುಡುಗ’ನೇ. 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮೂವತ್ತು ದಾಟಿದ, ಮದುವೆಯಾಗದ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಹೆಣ್ಣು ಸಿಗಲಿ ಅಂತ ಹರಕೆ. ಅವರಲ್ಲಿ ಬಹಳ ಜನ ರೈತರ ಮಕ್ಕಳು. ಟಿವಿಯವರು ಅದನ್ನು ತಮಾಷೆಯ ಸುದ್ದಿ ಥರ ತೋರಿಸಿದರು. ನನಗೆ ನೋಡಿ ಸಂಕಟವಾಯಿತು. ಹೊಲ ಉಳುವವನು ಗಂಡಸಲ್ಲ, ಬೆಂಗಳೂರಿನಲ್ಲಿ ಬಾಡಿಗೆ ಕೋಣೆಯಲ್ಲಿದ್ದು ಸಂಬಳ ತರುವವನು ಗಂಡಸು ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೇವೆ.

ಅದೇ ವರ್ಷದ ಕೊನೆಯಲ್ಲಿ, ಅದೇ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಅಂತ ಹೇಳುತ್ತಿದ್ದ ಜಾಲ ಪೊಲೀಸರ ಕೈಗೆ ಸಿಕ್ಕಿತು. ಈ ಎರಡು ಸುದ್ದಿಯನ್ನೂ ಒಟ್ಟಿಗೆ ಇಟ್ಟು ಓದಿ. ಮಗಳು ಬೇಡ ಅಂದ ಮನೆಗಳ ನಡುವೆಯೇ ಸೊಸೆ ಬೇಕು ಅಂತ ಹರಕೆ ಹೊರುತ್ತಿದ್ದೇವೆ.

ಈಗ ನಡುವಯಸ್ಸಿಗೆ ಬರೋಣ. ಇದರ ಬಗ್ಗೆ ನಾವು ಮಾತಾಡುವುದೇ ಕಡಿಮೆ.

2019ರಲ್ಲಿ ಕೇಂದ್ರ ಸರ್ಕಾರದ ಅಂಕಿ ಅಂಶ ಕಚೇರಿ ದೇಶದ ಜನ ದಿನದ ಸಮಯವನ್ನು ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿತು. ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಅಂದರೆ ಐದು ಗಂಟೆ. ಮನೆಗೆಲಸಕ್ಕೆ ಕೈ ಹಾಕುವ ಗಂಡಸರೇ ನಾಲ್ವರಲ್ಲಿ ಒಬ್ಬರು. ಅವರ ಸರಾಸರಿ 97 ನಿಮಿಷ. ಈ ಐದು ಗಂಟೆಗೆ ಸಂಬಳ ಇಲ್ಲ, ಪಿಎಫ್ ಇಲ್ಲ, ನಿವೃತ್ತಿಯೂ ಇಲ್ಲ. ರಾಜ್ಯ ಸರ್ಕಾರದ ನೌಕರ ಅರವತ್ತಕ್ಕೆ ಹಾರ ಹಾಕಿಸಿಕೊಂಡು ಮನೆಗೆ ಬರುತ್ತಾನೆ. ಅವತ್ತು ಬಂದವರಿಗೆಲ್ಲ ಕಾಫಿ ಮಾಡಿದವಳಿಗೆ ಮರುದಿನ ಬೆಳಿಗ್ಗೆ ಕೆಲಸ ಇನ್ನೂ ಜಾಸ್ತಿ. ಯಾಕೆಂದರೆ ಈಗ ಗಂಡ ಇಡೀ ದಿನ ಮನೆಯಲ್ಲಿ.

ಹೊರಗೆ ದುಡಿಯುವವಳ ದಾರಿಯೂ ಸಲೀಸಾಗಿರಲಿಲ್ಲ. ವಿರಾಜಪೇಟೆಯ ಸಿ.ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆ ಸೇರಿದರು. ಆ ಸೇವೆಗೆ ಸೇರಿದ ಮೊದಲ ಹೆಣ್ಣುಮಗಳು ಅವರು. ಆಗಿನ ನಿಯಮದಂತೆ ಹೆಣ್ಣು ಅಧಿಕಾರಿ ಮದುವೆಯಾಗಲು ಸರ್ಕಾರದಿಂದ ಲಿಖಿತ ಒಪ್ಪಿಗೆ ತರಬೇಕಿತ್ತು. ಸಂಸಾರದಿಂದ ಕೆಲಸಕ್ಕೆ ತೊಂದರೆ ಅಂತ ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆ ಕೇಳಬಹುದಿತ್ತು. ಗಂಡು ಅಧಿಕಾರಿಗಳಿಗೆ ಇದು ಇರಲಿಲ್ಲ. ಬಡ್ತಿ ತಪ್ಪಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಮೂವತ್ತು ವರ್ಷ ಸೇವೆ ಮಾಡಿದ ಮೇಲೆ ಬಂದ ತೀರ್ಪು ಅದು.

ಇನ್ನು ಮೈಯ ವಿಚಾರ. 2019ರಿಂದ 2021ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಮದುವೆಯಾಗಿ ಮಕ್ಕಳಾಗುವ ವಯಸ್ಸಿನಲ್ಲಿರುವ ಹೆಂಗಸರಲ್ಲಿ ಸುಮಾರು 38 ಶೇಕಡಾ ಜನ ಸಂತಾನಹರಣ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡ ಮಾಡಿಸಿಕೊಂಡಿರುವುದು 0.3 ಶೇಕಡಾ. ಗಂಡಸಿನ ಆಪರೇಷನ್ ಇನ್ನೂ ಸುಲಭ, ಬೇಗ ವಾಸಿಯಾಗುತ್ತದೆ. ಆದರೂ ಹೀಗೆ. ಇಪ್ಪತ್ತೈದು ಇಪ್ಪತ್ತಾರಕ್ಕೆ ಆಪರೇಷನ್ ಆಯಿತು ಅಂದರೆ ‘ಅವಳದು ಮುಗಿಯಿತು’ ಅನ್ನುತ್ತಾರೆ. ಇಪ್ಪತ್ತಾರಕ್ಕೆ ಏನು ಮುಗಿಯಿತು?

ಮುಟ್ಟು ನಿಲ್ಲುವ ಹೊತ್ತಂತೂ ಇನ್ನೂ ಕಷ್ಟದ್ದು. ನಮ್ಮ ದೇಶದಲ್ಲಿ ಅದು ಸಾಮಾನ್ಯವಾಗಿ ನಲವತ್ತಾರು ನಲವತ್ತೇಳರ ಸುಮಾರಿಗೆ ಬರುತ್ತದೆ. ಒಗ್ಗರಣೆ ಹಾಕುತ್ತಾ ನಿಂತವಳಿಗೆ ಇದ್ದಕ್ಕಿದ್ದಂತೆ ಕತ್ತಿನಿಂದ ಮೇಲಕ್ಕೆ ಬೆಂಕಿ ಹತ್ತಿದ ಹಾಗೆ ಬಿಸಿ ಏರುತ್ತದೆ. ರವಿಕೆ ತೊಯ್ದುಹೋಗುತ್ತದೆ. ರಾತ್ರಿ ಮೂರಕ್ಕೆ ಎಚ್ಚರ, ಆಮೇಲೆ ನಿದ್ದೆ ಇಲ್ಲ. ಮಂಡಿ ನೋವು. ಸುಮ್ಮಸುಮ್ನೆ ಅಳು, ಸುಮ್ಮಸುಮ್ನೆ ಸಿಟ್ಟು. ಮನೆಯವರು ‘ಇವಳಿಗೆ ಈಚೆಗೆ ಕೋಪ ಜಾಸ್ತಿ’ ಅನ್ನುತ್ತಾರೆ, ಅಷ್ಟೇ. ಮೊದಲ ಮುಟ್ಟಿಗೆ ಊರಿಗೆಲ್ಲ ಆರತಿ, ಕೊನೆಯ ಮುಟ್ಟಿಗೆ ಮನೆಯಲ್ಲೂ ಒಂದು ಮಾತಿಲ್ಲ. ಈ ಮೌನದಲ್ಲಿ ಕೆಲವರು ಲಾಭ ಮಾಡಿಕೊಂಡದ್ದೂ ಇದೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಬಿಳಿಸೆರಗು, ಹೊಟ್ಟೆನೋವು ಅಂತ ಹೋದ ಬಡ ಹೆಂಗಸರಿಗೆ ಬೇಕಿಲ್ಲದಿದ್ದರೂ ಗರ್ಭಕೋಶ ತೆಗೆಸಿದ ವಿಚಾರ ದೊಡ್ಡ ಹೋರಾಟವಾಗಿ, ತನಿಖೆಗಳೂ ನಡೆದವು. ಚಿಕ್ಕ ವಯಸ್ಸಿಗೇ ಗರ್ಭಕೋಶದ ಜೊತೆ ಅಂಡಾಶಯವೂ ಹೋದರೆ ಮುಪ್ಪಿನ ತೊಂದರೆಗಳು ಮೈಗೆ ಬೇಗ ಬರುತ್ತವೆ, ಮೂಳೆ ಸವೆಯುತ್ತದೆ. ಮೂವತ್ತಕ್ಕೇ ಅವರಿಗೆ ಮುದುಕಿಯ ಮೈ ಬಂತು. ಮುಟ್ಟು ನಿಲ್ಲುವುದರ ಬಗ್ಗೆ ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ಮಾತಾಡುವಂತೆ ಆಗಬೇಕು ಅಂತ ನಾನು ತುಂಬಾ ದಿನದಿಂದ ಹೇಳುತ್ತಿದ್ದೇನೆ. ಬಸುರಿ ಬಾಣಂತಿಗೆ ಮಾಡುವಷ್ಟು ಕಾಳಜಿ ಐವತ್ತರ ಹೆಂಗಸಿಗೂ ಸಿಗಬೇಕು.

ಅರವತ್ತಕ್ಕೆ ಬಂದೆವು. ಷಷ್ಟ್ಯಬ್ದಿ. ಛತ್ರ ಹಿಡಿದು, ಹೋಮ ಮಾಡಿಸಿ, ಮತ್ತೆ ಮಾಂಗಲ್ಯ ಕಟ್ಟಿಸುತ್ತಾರೆ. ಯಾರಿಗೆ ಅರವತ್ತು? ಗಂಡನಿಗೆ. ಪಕ್ಕದಲ್ಲಿ ಕೂತವಳಿಗೆ ಐವತ್ನಾಲ್ಕೋ ಐವತ್ತಾರೋ. ಅವಳಿಗೆ ಅರವತ್ತು ತುಂಬಿದ ದಿನ ಬಹಳ ಮನೆಗಳಲ್ಲಿ ಯಾರಿಗೂ ನೆನಪಿರುವುದಿಲ್ಲ. ಅಷ್ಟರಲ್ಲಿ ಗಂಡ ತೀರಿಕೊಂಡಿದ್ದರೆ ಆ ಶಾಸ್ತ್ರದಲ್ಲಿ ಅವಳಿಗೆ ಜಾಗವೇ ಇಲ್ಲ. ಹೀಗೆ ಒಂಟಿಯಾಗುವ ಹೆಂಗಸರು ಕೋಟಿಗಟ್ಟಲೆ ಇದ್ದಾರೆ. 2016ರಿಂದ 2020ರ ಲೆಕ್ಕದಲ್ಲಿ ದೇಶದ ಗಂಡಸರ ಸರಾಸರಿ ಆಯಸ್ಸು 68.6 ವರ್ಷ, ಹೆಂಗಸರದು 71.4. ಇದಕ್ಕೆ ಗಂಡ ಹೆಂಡತಿಯ ನಡುವಿನ ನಾಲ್ಕೈದು ವರ್ಷದ ಅಂತರ ಸೇರಿಸಿ. ಹೆಂಡತಿ ಕೊನೆಯ ಏಳೆಂಟು ವರ್ಷ ಒಬ್ಬಳೇ ಇರಬೇಕಾಗುತ್ತದೆ ಅನ್ನುವುದು ಮದುವೆಯ ದಿನವೇ ಹೆಚ್ಚುಕಡಿಮೆ ಬರೆದಾಗಿರುತ್ತದೆ. ಆ ಏಳೆಂಟು ವರ್ಷಕ್ಕೆ ಅವಳ ಕೈಯಲ್ಲಿ ಏನಿರುತ್ತದೆ?

ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಒಂದು ಬೆಳಿಗ್ಗೆ ನಿಂತು ನೋಡಿ. ಅಣ್ಣ ತಮ್ಮಂದಿರು ಜಮೀನು ಪಾಲು ಮಾಡಿಕೊಳ್ಳುತ್ತಿದ್ದಾರೆ. ಅಕ್ಕತಂಗಿಯರನ್ನು ಕಾರಿನಲ್ಲಿ ಕರೆತಂದಿದ್ದಾರೆ. ಅವರು ಬಂದಿರುವುದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು. ಹೆಬ್ಬೆಟ್ಟು, ಫೋಟೊ, ಸಹಿ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಆಮೇಲೆ ಹೋಟೆಲಿನಲ್ಲಿ ಊಟ, ಕೈಗೊಂದು ಸೀರೆ, ಅರಿಶಿನ ಕುಂಕುಮ. ‘ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚಿಹೋಗುತ್ತೆ’ ಅನ್ನುವ ಹೆದರಿಕೆ ಅವರದು. ಆ ಹೆದರಿಕೆ ಸುಳ್ಳು ಅಂತ ನಾನು ಹೇಳಲಾರೆ. ಎಷ್ಟೋ ಮನೆಗಳಲ್ಲಿ ಬಾಗಿಲು ಮುಚ್ಚಿದ್ದನ್ನು ನೋಡಿದ್ದೇನೆ. ಆದರೆ ಸಹಿ ಹಾಕಿದ ಎಷ್ಟೋ ಅಕ್ಕಂದಿರಿಗೆ ಎಪ್ಪತ್ತಾದ ಮೇಲೆ ಆ ಬಾಗಿಲು ತೆರೆಯಲೂ ಇಲ್ಲ.

ಬೇಸರವೇನೆಂದರೆ, ಕಾನೂನಿನಲ್ಲಿ ನಾವು ಹಿಂದೆ ಬಿದ್ದವರಲ್ಲ. 1933ರಲ್ಲೇ ಮೈಸೂರು ಸಂಸ್ಥಾನ ಒಟ್ಟು ಕುಟುಂಬದ ಆಸ್ತಿಯಲ್ಲಿ ತಾಯಿಗೆ, ವಿಧವೆಗೆ, ಮದುವೆಯಾಗದ ಮಗಳಿಗೆ ಪಾಲು ಕೊಡುವ ಕಾಯ್ದೆ ತಂದಿತ್ತು. 1994ರಲ್ಲಿ ಕರ್ನಾಟಕ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂದಿತು. ಆದರೆ ಅದಕ್ಕೆ ಮುಂಚೆ ಮದುವೆಯಾದವಳಿಗೆ ಇಲ್ಲ ಅಂತಲೂ ಬರೆಯಿತು. 2005ರ ಕೇಂದ್ರದ ತಿದ್ದುಪಡಿ ಆ ಅಡ್ಡಿಯನ್ನು ತೆಗೆಯಿತು. ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕು ಅಂತಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ಕಾನೂನು ಕೊಟ್ಟ ಈ ಹಕ್ಕನ್ನು ನಾವು ಒಂದು ಸೀರೆಗೆ ಬಿಡಿಸಿಕೊಳ್ಳುತ್ತಿದ್ದೇವೆ.

ಚಿಕ್ಕ ಬದಲಾವಣೆಗಳೂ ಆಗಿವೆ, ಅದನ್ನು ಹೇಳಲೇಬೇಕು. 2013ರ ಆಹಾರ ಭದ್ರತಾ ಕಾಯ್ದೆಯಿಂದ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ. 2023ರಿಂದ ಗೃಹಲಕ್ಷ್ಮಿಯ ತಿಂಗಳ ಎರಡು ಸಾವಿರ ಅವಳ ಖಾತೆಗೇ ಬರುತ್ತದೆ. ಬಿಪಿ ಮಾತ್ರೆಗೆ ಮಗನ ಮುಂದೆ ಕೈಚಾಚುವುದು ತಪ್ಪಿತು ಅಂತ ಹೇಳುವ ಅಜ್ಜಿಯರು ನನಗೆ ಗೊತ್ತು. ಬಸ್ಸು ಹತ್ತಿ ತಂಗಿಯ ಮನೆಗೆ ಹೋಗಿಬರಲು ಈಗ ಯಾರ ಅಪ್ಪಣೆಯೂ ಬೇಕಿಲ್ಲ. ಇದು ಸಣ್ಣದು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಗಂಡಸರ ಮುಪ್ಪಿಗೆ ಬರುತ್ತೇನೆ. ಇಲ್ಲಿ ಕೂತಿರುವ ಹಿರಿಯರು ಬೇಸರ ಮಾಡಿಕೊಳ್ಳಬೇಡಿ. ಇದನ್ನು ನಿಮ್ಮ ಮೇಲಿನ ಪ್ರೀತಿಯಿಂದಲೇ ಹೇಳುತ್ತಿದ್ದೇನೆ. ದುಡಿಮೆಯಿಂದಲೇ ಬೆಲೆ ಅಂತ ನಂಬಿದವನಿಗೆ ದುಡಿಮೆ ನಿಂತ ದಿನ ಏನು ಉಳಿಯುತ್ತದೆ? ನನಗೆ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಇಡೀ ಊರಿಗೆ ಲೆಕ್ಕ ಹೇಳಿಕೊಟ್ಟವರು. ಹೆಂಡತಿ ತೀರಿಕೊಂಡ ಮೇಲೆ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಯಾವುದು ಅಂತ ಗೊತ್ತಿರಲಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಯಾವುದು ಊಟಕ್ಕೆ ಮುಂಚೆ, ಯಾವುದು ಆಮೇಲೆ ಅನ್ನುವುದೂ ಆಕೆಗೇ ಗೊತ್ತಿದ್ದದ್ದು. ಮಕ್ಕಳ ಜೊತೆಗಿನ ಮಾತೆಲ್ಲ ಆಕೆಯ ಮೂಲಕವೇ ನಡೆದಿತ್ತು. ಮಗ ಫೋನ್ ಮಾಡಿದರೆ ‘ಹೂಂ, ಊಟ ಆಯ್ತು’ ಅನ್ನುವುದರ ಮುಂದೆ ಇವರಿಗೆ ಮಾತೇ ಬರುತ್ತಿರಲಿಲ್ಲ. ಅಳುವುದಂತೂ ಕಲಿತೇ ಇರಲಿಲ್ಲ.

ಇದರ ಇನ್ನೊಂದು ರೂಪ ಅಮೆರಿಕದ ಬಾಣಂತನ. ಮಗಳೋ ಸೊಸೆಯೋ ಬಸುರಿ ಅಂದರೆ ಅರವತ್ತೈದರ ಅಮ್ಮ ಚಟ್ನಿಪುಡಿ, ಬಾಣಂತಿ ಖಾರ ಕಟ್ಟಿಕೊಂಡು ಆರು ತಿಂಗಳ ವೀಸಾದಲ್ಲಿ ಹೊರಡುತ್ತಾಳೆ. ಅಲ್ಲಿ ಹಿಮದ ನಡುವೆ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಾಳೆ, ಮಂಡಿ ನೋವಿನಲ್ಲೇ. ಇಲ್ಲಿ ಅಪ್ಪ ಮೆಸ್ಸಿನ ಊಟ ತರಿಸಿಕೊಂಡು ಟಿವಿ ಮುಂದೆ. ಅವಳಿಗೆ ಬಿಡುವಿಲ್ಲ, ಅವನಿಗೆ ಬಿಡುವೇ ಬಿಡುವು. ಇಬ್ಬರಿಗೂ ಅದು ಸುಖವಲ್ಲ.

ಗಂಡು ಹೆಣ್ಣು ಎಂಬ ಎರಡು ಲೆಕ್ಕದೊಳಗೂ ಬಾರದವರ ಮುಪ್ಪಿನ ಬಗ್ಗೆ ಯೋಚಿಸಿದ್ದೀರಾ? ಮಂಜಮ್ಮ ಜೋಗತಿ ಅವರು ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅದೇ ವರ್ಷ ಕರ್ನಾಟಕ ಸರ್ಕಾರಿ ಕೆಲಸದಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ 1 ಶೇಕಡಾ ಮೀಸಲಾತಿ ತಂದಿತು. ದೇಶದಲ್ಲೇ ಮೊದಲು. ಆದರೆ ಅದು ಈಗಿನ ಚಿಕ್ಕ ವಯಸ್ಸಿನವರಿಗೆ. ಹುಟ್ಟಿದ ಮನೆ ಬಿಟ್ಟು ಈಗ ಅರವತ್ತಾದವರಿಗೆ ಮಕ್ಕಳಿಲ್ಲ, ಕಾಗದದಲ್ಲಿ ಹಳೇ ಹೆಸರು. ಕಾಯಿಲೆ ಬಿದ್ದರೆ ಅವರವರ ಚೇಲಾಗಳೇ, ಅಂದರೆ ಅವರನ್ನು ಗುರು ಅಂತ ನಂಬಿ ಬಂದ ಶಿಷ್ಯರೇ, ನೋಡಿಕೊಳ್ಳಬೇಕು. ಆ ಸಂಬಂಧವನ್ನು ಆಸ್ಪತ್ರೆಯ ಫಾರ್ಮಿನಲ್ಲಿ ಬರೆಯಲು ಜಾಗ ಇಲ್ಲ.

ಕೊನೆಗೆ ಕೆಲವು ಕೆಲಸದ ಮಾತು. ಮನೆಯ ಖಾತೆಯಲ್ಲಿ ಇಬ್ಬರ ಹೆಸರೂ ಇದೆಯಾ ಅಂತ ಈ ವಾರವೇ ನೋಡಿ. ಗಂಡ ಹೆಂಡತಿ ಇಬ್ಬರೂ ಉಯಿಲು ಬರೆದಿಡಿ. ಬ್ಯಾಂಕಿನ ನಾಮಿನಿ ಯಾರು ಅಂತ ಹೆಂಡತಿಗೆ ಗೊತ್ತಿರಲಿ, ಸಾರು ಮಾಡುವುದು ಗಂಡನಿಗೆ ಗೊತ್ತಿರಲಿ. ಹಕ್ಕು ಬಿಡುಗಡೆಗೆ ಸಹಿ ಕೇಳಿದರೆ ಮನೆಗೆ ತಂದು, ಓದಿಸಿ, ಯೋಚಿಸಿ. ಮಕ್ಕಳಿಗೆ ದಾನಪತ್ರ ಬರೆಯುವವರು ‘ಕೊನೆಯವರೆಗೆ ನಮ್ಮನ್ನು ನೋಡಿಕೊಳ್ಳಬೇಕು’ ಅನ್ನುವ ಷರತ್ತನ್ನು ಅದರಲ್ಲೇ ಬರೆಸಿ. ಆ ಸಾಲು ಇದ್ದರೆ, ನೋಡಿಕೊಳ್ಳದ ಮಕ್ಕಳಿಂದ ಆಸ್ತಿ ವಾಪಸ್ ಪಡೆಯಲು 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ದಾರಿ ಇದೆ. ಅರ್ಜಿ ಕೊಡಬೇಕಾದದ್ದು ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ. ವಕೀಲರನ್ನು ಇಡಲೇಬೇಕು ಅಂತಿಲ್ಲ. ಹಿರಿಯರ ಸಹಾಯವಾಣಿ ಸಂಖ್ಯೆ 14567. ಬರೆದುಕೊಳ್ಳಲು ಪೆನ್ನು ಇಲ್ಲದವರಿಗೆ ಹಿಂದೆ ನಿಂತಿರುವ ಮಕ್ಕಳು ಬರೆದುಕೊಡುತ್ತಾರೆ.